ಭಾನುವಾರ ಸಂಜೆಯಿಂದ ಹಿಂದಕ್ಕೆ ಎಣಿಸಿ: ಹನೋಯಿಯಿಂದ ವಾರಾಂತ್ಯದ ಓಡಾಟ

ಹನೋಯಿಗೆ ಕೆಲಸಕ್ಕೆಂದು ಬಂದ ಎರಡನೇ ತಿಂಗಳಲ್ಲೇ ಹಾ ಜಾಂಗ್ ಬೆಟ್ಟಗಳನ್ನು ಸುತ್ತಿ ಬರಲು ಹೊರಟಿದ್ದೆ. ಶುಕ್ರವಾರ ರಾತ್ರಿ ಸ್ಲೀಪರ್ ಬಸ್, ಶನಿವಾರ ಮತ್ತು ಭಾನುವಾರ ಬೆಟ್ಟ, ಭಾನುವಾರ ರಾತ್ರಿ ಮತ್ತೆ ಬಸ್, ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಗೇಟು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಕೂಡಿತ್ತು. ಆದರೆ ಭಾನುವಾರ ಹನ್ನೊಂದು ಗಂಟೆಗೆ ಮಾ ಪಿ ಲೆಂಗ್ ಘಾಟಿಯ ಅಂಚಿನಲ್ಲಿ ನಿಂತಾಗ, ಪಾತಾಳದಲ್ಲಿ ಪಾಚಿ ಬಣ್ಣದ ದಾರದಂತೆ ಕಾಣುತ್ತಿದ್ದ ನ್ಯೋ ಕ್ವೆ ನದಿಗಿಂತ ಹೆಚ್ಚು ಸಲ ನಾನು ನೋಡಿದ್ದು ಕೈಗಡಿಯಾರವನ್ನು. ಹಾ ಜಾಂಗ್ ಪೇಟೆಗೆ ಮರಳಲು ಇನ್ನೂ ನೂರೈವತ್ತು ಕಿಲೋಮೀಟರಿನಷ್ಟು ತಿರುವಿನ ದಾರಿ ಬಾಕಿಯಿತ್ತು.

ಆಮೇಲಿನ ಎರಡು ವರ್ಷಗಳಲ್ಲಿ ಉತ್ತರ ವಿಯೆಟ್ನಾಮಿನ ಮೂಲೆಗಳಲ್ಲಿ ಬೇಕಾದಷ್ಟು ವಾರಾಂತ್ಯಗಳನ್ನು ಕಳೆದಿದ್ದೇನೆ. ಈಗ ಎಲ್ಲಿಗೆ ಹೊರಟರೂ, ಭಾನುವಾರ ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬುದನ್ನು ಮೊದಲು ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತೇನೆ. ಕೆಲಸದ ಮೇಲೆ ಬಂದು ಇಲ್ಲಿ ನೆಲೆಸುವವರಿಗೂ, ಹನೋಯಿಯಲ್ಲಿರುವ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗೂ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ಅದಕ್ಕೆ ಅತ್ಯಂತ ಚೆನ್ನಾಗಿ ಹೊಂದುವುದು ನಿನ್ ಬಿನ್. ಹನೋಯಿಯಿಂದ ದಕ್ಷಿಣಕ್ಕೆ ಸುಮಾರು 95 ಕಿಲೋಮೀಟರ್. ಬಸ್ಸು, ವ್ಯಾನುಗಳು ಬೇಕಾದಷ್ಟಿವೆ, ಆದರೂ ನಾನು ಹೇಳುವುದು ರೈಲನ್ನೇ. ಒಮ್ಮೆ ಒಂದು ಖಾಸಗಿ ವ್ಯಾನಿನವನು ಹೆದ್ದಾರಿಯ ಬದಿಯಲ್ಲಿ ನಮ್ಮನ್ನು ಇಳಿಸಿ, ಊರು ಅಗೋ ಅಲ್ಲಿ ಎಂಬಂತೆ ಕೈ ತೋರಿಸಿ ಹೊರಟುಹೋದ. ಅದಕ್ಕಿಂತ ಮುಖ್ಯ ಕಾರಣವೆಂದರೆ, ಭಾನುವಾರ ಸಂಜೆ ದಕ್ಷಿಣದಿಂದ ಹನೋಯಿಗೆ ಒಳಬರುವ ರಸ್ತೆ ಗಂಟೆಗಟ್ಟಲೆ ಕಟ್ಟಿಕೊಂಡಿರುತ್ತದೆ. ರೈಲಿಗೆ ಆ ಗೋಜಿಲ್ಲ, ಎರಡು ಎರಡೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಹನೋಯಿಯಿಂದ ಸೈಗಾನಿನವರೆಗೆ 1,726 ಕಿಲೋಮೀಟರ್ ಸಾಗುವ ಈ ಹಳಿ ಇಂದಿಗೂ ಮೀಟರ್ ಗೇಜ್. ನಮ್ಮ ಮೈಸೂರು ಸೀಮೆಯ ಹಳೆಯ ರೈಲುಗಳಲ್ಲಿ ಕೂತು ಅಭ್ಯಾಸವಿದ್ದವರಿಗೆ ಆ ಕುಲುಕಾಟ ಕೂಡಲೇ ಗುರುತು ಸಿಗುತ್ತದೆ.

ನಿನ್ ಬಿನ್‌ನಲ್ಲಿ ದೋಣಿ ಹತ್ತಲು ಎರಡು ಮುಖ್ಯ ಜಾಗಗಳಿವೆ: ತಾಮ್ ಕೋಕ್ ಮತ್ತು ಚಾಂಗ್ ಅನ್. ಎರಡರಲ್ಲೂ ಗದ್ದೆ ಬಯಲಿನಿಂದ ಏಕಾಏಕಿ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು, ಅವುಗಳ ಹೊಟ್ಟೆಯೊಳಗೆ ನೀರು ಕೊರೆದ ಗವಿಗಳು. ಚಾಂಗ್ ಅನ್ 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ತಾಣ. ಟಿಕೆಟ್ಟು, ಸರದಿ, ಗೊತ್ತುಪಡಿಸಿದ ಮಾರ್ಗ ಎಲ್ಲವೂ ಶಿಸ್ತು. ದೋಣಿಯಲ್ಲಿ ಕೂತವರು ಎರಡೂವರೆ ಮೂರು ಗಂಟೆ ಕೂರಲೇಬೇಕು, ಕೆಲವು ಗವಿಗಳಲ್ಲಿ ತಲೆ ತಗ್ಗಿಸದಿದ್ದರೆ ಬಂಡೆಯೇ ತಗ್ಗಿಸುತ್ತದೆ. ತಾಮ್ ಕೋಕ್ ಎಂದರೆ ಮೂರು ಗವಿ ಎಂದರ್ಥ. ಅಲ್ಲಿ ನದಿ ಗದ್ದೆಗಳ ನಡುವೆಯೇ ಹರಿಯುತ್ತದೆ. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಹೋದರೆ ಎರಡೂ ದಂಡೆಗಳಲ್ಲಿ ಬತ್ತ ಹೊಂಬಣ್ಣಕ್ಕೆ ತಿರುಗಿರುತ್ತದೆ. ಆದರೆ ದೋಣಿ ಹಿಂದಿರುಗುವ ಜಾಗದಲ್ಲಿ ವ್ಯಾಪಾರದ ದೋಣಿಗಳು ಮುತ್ತಿಕೊಂಡು, ನಿಮ್ಮ ಅಂಬಿಗರಿಗೊಂದು ತಂಪು ಪಾನೀಯ ಕೊಡಿಸಿ ಎಂದು ದುಂಬಾಲು ಬೀಳುತ್ತವೆ. ನಗುತ್ತಾ ಬೇಡವೆನ್ನಿ. ಕೊಡುವ ಮನಸ್ಸಿದ್ದರೆ ದಡ ಸೇರಿದ ಮೇಲೆ ದೋಣಿ ನಡೆಸಿದವರ ಕೈಗೇ ಹಣ ಕೊಡಿ.

ಅಮ್ಮ ಬಂದಾಗ ಅವರನ್ನು ಕರೆದೊಯ್ದದ್ದು ತಾಮ್ ಕೋಕ್‌ಗೆ. ಅಲ್ಲಿ ದೋಣಿ ನಡೆಸುವವರಲ್ಲಿ ಹೆಚ್ಚಿನವರು ಹೆಂಗಸರು, ಅದೂ ಹಿಂದಕ್ಕೆ ಒರಗಿ ಕಾಲಿನಿಂದ ಹುಟ್ಟು ಹಾಕುತ್ತಾರೆ. ನಮ್ಮ ದೋಣಿಯಾಕೆಗೆ ಅಮ್ಮನಷ್ಟೇ ವಯಸ್ಸು. ಅಮ್ಮನಿಗೆ ಸುಮ್ಮನೆ ಕೂರಲಾಗಲಿಲ್ಲ, ಇನ್ನೊಂದು ಹುಟ್ಟು ತಾನೇ ತೆಗೆದುಕೊಂಡು ನೀರನ್ನು ಮೇಲೆ ಮೇಲೆ ಬಡಿದರು. ದೋಣಿ ಅಡ್ಡಡ್ಡ ಹೋಯಿತು. ಆಕೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಚೀಲದಿಂದ ಕೋಡುಬಳೆ ಹೊರಬಂತು, ಬೆರಳೆಣಿಸಿ ಇಬ್ಬರೂ ವಯಸ್ಸು ವಿಚಾರಿಸಿಕೊಂಡರು. ಎರಡು ವರ್ಷಕ್ಕೆ ದೊಡ್ಡವಳಾದ ಆಕೆ ಅಮ್ಮನ ಬೆನ್ನು ತಟ್ಟಿ ‘ಎಮ್’ ಎಂದಳು. ತಂಗಿ ಎಂದ ಹಾಗೆ.

ಇಲ್ಲಿ ವಯಸ್ಸು ಕೇಳುವುದು ಅಧಿಕಪ್ರಸಂಗವಲ್ಲ, ವ್ಯಾಕರಣದ ಅಗತ್ಯ. ಎದುರಿನವರು ಅಕ್ಕನೋ ತಂಗಿಯೋ ತಿಳಿಯದೆ ವಾಕ್ಯ ಮುಂದೆ ಹೋಗುವುದಿಲ್ಲ. ಅಕ್ಕನ ವಯಸ್ಸಿನವರಿಗೆ ‘ಚಿ’, ಅಣ್ಣನಿಗೆ ‘ಆನ್’, ಕಿರಿಯರಿಗೆ ‘ಎಮ್’. ಹೋಟೆಲಿನಲ್ಲಿ ‘ಚಿ ಒಯ್’ ಎಂದು ಕೂಗಿದರೆ ಅಕ್ಕ ಬಂದು ನಿಲ್ಲುತ್ತಾರೆ. ಕಂಡವರನ್ನೆಲ್ಲ ಅಕ್ಕ, ಅಣ್ಣ ಎನ್ನುತ್ತಾ ಬೆಳೆದ ನಮಗೆ ಇದು ಒಂದೇ ದಿನದಲ್ಲಿ ರೂಢಿಯಾಗುತ್ತದೆ. ಸ್ವರದ ಏರಿಳಿತಗಳು ಮಾತ್ರ ಎರಡು ವರ್ಷವಾದರೂ ನನಗೆ ಒಲಿದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಪದ ಸಾಕು: ‘ಚಾಯ್’. ಕುಡಿಯುವ ಚಹಾ ಅಲ್ಲ, ಸಸ್ಯಾಹಾರ. ಟೀ ಬೇಕಿದ್ದರೆ ‘ಚಾ’ ಎನ್ನಬೇಕು. ಹನೋಯಿಯ ಕಾಲುದಾರಿಗಳಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತವರ ಕೈಯಲ್ಲಿರುವುದು ‘ಚಾ ದಾ’, ಐಸ್ ಹಾಕಿದ ಟೀ. ಮೊದಲ ವಾರ ನಾನು ಚಾಯ್ ಕೇಳಿ, ಮುಂದೆ ಬಂದ ತೋಫುವನ್ನು ನೋಡುತ್ತಾ ಕೂತಿದ್ದೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳಂದು, ಇಲ್ಲಿನ ಬೌದ್ಧರಲ್ಲಿ ಅನೇಕರು ಚಾಯ್ ಉಣ್ಣುತ್ತಾರೆ. ಆ ದಿನ ಸಣ್ಣ ಊರಿನಲ್ಲೂ ಏನಾದರೂ ಸಿಗುತ್ತದೆ. ಉಳಿದ ದಿನ ಬೆಳ್ಳುಳ್ಳಿ ಹಾಕಿ ಹುರಿದ ನೀರುಸೊಪ್ಪು, ತೋಫು, ಅನ್ನ. ತೊಂದರೆಯಿರುವುದು ಮೀನಿನ ರಸವಾದ ‘ನುವೊಕ್ ಮಾಮ್’ನಲ್ಲಿ. ಬರೀ ಸೊಪ್ಪಿನ ಪಲ್ಯಕ್ಕೂ ಅದನ್ನು ಚಿಮುಕಿಸಿಬಿಡುತ್ತಾರೆ. ಬೇಡವೆನ್ನುವುದನ್ನು ವಿಯೆಟ್ನಾಮೀ ಲಿಪಿಯಲ್ಲಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ತೋರಿಸಿ, ಉಚ್ಚರಿಸುವ ಸಾಹಸ ಬೇಡ. ಬೆಟ್ಟದ ಕಡೆಗಾದರೆ ಚಟ್ನಿಪುಡಿಯ ಪೊಟ್ಟಣವೊಂದು ಚೀಲದಲ್ಲಿರಲಿ.

ಈಗ ಹಾ ಜಾಂಗ್. ಇದಕ್ಕೆ ಸೋಮವಾರ ರಜೆ ಹಾಕಲೇಬೇಕು. ರಜೆ ಸಿಗದಿದ್ದರೆ ಹೋಗಬೇಡಿ, ಇದರಲ್ಲಿ ನನಗೆ ಎರಡು ಮಾತಿಲ್ಲ. ಹನೋಯಿಯಿಂದ ಸುಮಾರು 300 ಕಿಲೋಮೀಟರ್ ಉತ್ತರಕ್ಕಿರುವ ಈ ಪೇಟೆಗೆ ರಾತ್ರಿ ಎಂಟು ಒಂಬತ್ತರ ಬಸ್ ಹತ್ತಿದರೆ ನಸುಕಿನ ಮೂರು ನಾಲ್ಕಕ್ಕೆ ಇಳಿಸುತ್ತಾರೆ. ಬಸ್ ಹತ್ತುವಾಗಲೇ ಚಪ್ಪಲಿ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಕು. ಮಲಗುವ ಗೂಡು ಐದೂವರೆ ಅಡಿಯವರ ಅಳತೆಗೆ ಮಾಡಿದ್ದು, ನನ್ನ ಮೊಣಕಾಲು ರಾತ್ರಿಯಿಡೀ ಮಡಚಿಯೇ ಇತ್ತು. ತಂಗುವ ಮನೆಯವರಿಗೆ ಮೊದಲೇ ತಿಳಿಸಿದ್ದರೆ ಆ ಹೊತ್ತಿನಲ್ಲೂ ಬಾಗಿಲು ತೆರೆದು ಹಾಸಿಗೆ ತೋರಿಸುತ್ತಾರೆ. ಅಲ್ಲಿಂದ ಸುಮಾರು 350 ಕಿಲೋಮೀಟರಿನ ಸುತ್ತು: ಕ್ವಾನ್ ಬಾ, ಯೆನ್ ಮಿನ್, ದೋಂಗ್ ವಾನ್, ಮೆವೊ ವಾಕ್. ಮೂರು ಹಗಲು, ಎರಡು ರಾತ್ರಿ.

ಬೈಕ್ ವಿಷಯದಲ್ಲಿ ನಮ್ಮವರು ಸುಲಭವಾಗಿ ಎಡವುತ್ತಾರೆ. ಬೆಂಗಳೂರಿನ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಮ್ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀಲಿ ಕೊಡಬಹುದು. ಆದರೆ ಪೊಲೀಸರು ಕೇಳುತ್ತಾರೆ, 2025ರ ಜನವರಿಯಿಂದ ಸಂಚಾರ ದಂಡಗಳೂ ಹಲವು ಪಟ್ಟು ಏರಿವೆ. ಬಿದ್ದು ಕೈಕಾಲು ಮುರಿದುಕೊಂಡರೆ ವಿಮೆಯವರು ಮೊದಲು ಕೇಳುವುದೂ ಪರವಾನಗಿಯನ್ನೇ. ಆದ್ದರಿಂದ ಸ್ಥಳೀಯ ಸವಾರನ ಹಿಂದೆ ಕೂತು ಹೋಗುವ ವ್ಯವಸ್ಥೆಯೇ ವಾಸಿ, ಇದಕ್ಕೆ ಇಲ್ಲಿ ‘ಈಸಿ ರೈಡರ್’ ಎನ್ನುತ್ತಾರೆ. ಎರಡನೇ ಸಲ ನಾನು ಹೋದದ್ದು ಹಾಗೆ. ಊಟ, ವಸತಿ, ಬೈಕು, ಸವಾರ ಎಲ್ಲ ಸೇರಿ ಮೂರು ದಿನಕ್ಕೆ 45 ಲಕ್ಷ ಡಾಂಗ್, ಅಂದರೆ ಸುಮಾರು 15 ಸಾವಿರ ರೂಪಾಯಿ ಕೊಟ್ಟೆ. ಚಾರ್ಮಾಡಿ ಘಾಟಿಯಲ್ಲಿ ಬೈಕ್ ಓಡಿಸಿದ ಜಂಭ ನನಗೂ ಇತ್ತು. ಹಿಂದೆ ಕೂತಾಗಲೇ ತಿಳಿದದ್ದು, ಇಲ್ಲಿ ಓಡಿಸುವವನಿಗೆ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು.

ಕಾಣಬೇಕಾದದ್ದೋ, ಆ ರಸ್ತೆಯ ಹುಟ್ಟಿನ ಕಥೆಯೂ ಹೌದು. 1959ರಿಂದ 1965ರವರೆಗೆ ಕೈಯಲ್ಲೇ ಕಡಿದು ಮಾಡಿದ ದಾರಿ ಅದು, ಹೆಸರು ‘ಸಂತೋಷದ ರಸ್ತೆ’. ಮಾ ಪಿ ಲೆಂಗ್ ಬಳಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆಗೆ ತೂಗಾಡುತ್ತಾ ಹನ್ನೊಂದು ತಿಂಗಳು ಕಲ್ಲು ಕೆತ್ತಿದರಂತೆ. ಇಂದಿಗೂ ಅಲ್ಲಿನ ಹ್ಮಾಂಗ್ ಜನ ಬಂಡೆಗಳ ಸಂದಿನಲ್ಲಿ ಬೊಗಸೆ ಮಣ್ಣಿರುವ ಕಡೆಯೆಲ್ಲ ಒಂದೊಂದು ಜೋಳದ ಗಿಡ ನೆಟ್ಟಿದ್ದಾರೆ. ಮುಸುಕಿನ ಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ‘ಮೆನ್ ಮೆನ್’ ನಮ್ಮ ಉದುರು ಉಪ್ಪಿಟ್ಟಿನ ದೂರದ ನೆಂಟ, ಒಗ್ಗರಣೆಯೊಂದಿಲ್ಲ. ಜೋಳದ ಸಾರಾಯಿಯನ್ನೂ ಸಂಜೆ ಎಲ್ಲರಿಗೂ ಸುರಿಯುತ್ತಾರೆ. ನಿಮ್ಮ ಸವಾರ ಎಷ್ಟು ಕುಡಿಯುತ್ತಾನೆ ಎಂಬುದರ ಮೇಲೆ ಒಂದು ಕಣ್ಣಿರಲಿ. ಸಾಧ್ಯವಾದರೆ ಭಾನುವಾರ ಬೆಳಿಗ್ಗೆ ಮೆವೊ ವಾಕ್ ಸಂತೆಯಲ್ಲಿರುವಂತೆ ದಿನ ಹೊಂದಿಸಿ.

ಹಾ ಲಾಂಗ್ ಕೊಲ್ಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದೇ ದಿನದ ಪ್ರವಾಸ ಕೊಳ್ಳಬೇಡಿ, ಹೋಗಿಬರುವ ಐದು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಒಂದು ರಾತ್ರಿ ದೋಣಿಯಲ್ಲಿ ಮಲಗಿ, ಅದೂ ಗದ್ದಲ ಕಡಿಮೆಯಿರುವ ಲಾನ್ ಹಾ ಕಡೆಯಲ್ಲಿ. ಚಂಡಮಾರುತದ ಸೂಚನೆ ಬಂದರೆ ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಮುಂಗಡ ಹಣ ಕೊಡುವಾಗ ಮರಳಿ ಬರುತ್ತದೆಯೇ ಎಂದು ಕೇಳಿ. ಬೆಟ್ಟದ ಮೇಲಿನ ಪಟ್ಟಣ ಸಾಪಾಗೆ ರಾತ್ರಿ ಹತ್ತರ ಸುಮಾರಿಗೆ ಹೊರಡುವ ಲಾವೊ ಕಾಯ್ ರೈಲು ಚೆನ್ನ. ಬೆಳಿಗ್ಗೆ ಆರಕ್ಕೆ ಇಳಿದು, ಇನ್ನೊಂದು ಗಂಟೆ ಬಸ್ಸಿನಲ್ಲಿ ಏರಬೇಕು. ಪಟ್ಟಣ ತುಂಬ ಹೋಟೆಲುಗಳೇ, ನಿಲ್ಲದೆ ಹಳ್ಳಿಗಳ ಕಡೆ ನಡೆದುಬಿಡಿ. ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರಿದೆ, ಆದರೆ ನಾನು ಹೋದ ಎರಡು ಸಲವೂ ಮೇಲೆ ಮಂಜು ಬಿಟ್ಟು ಏನೂ ಇರಲಿಲ್ಲ.

ಹಣದ ಬಗ್ಗೆ ಒಂದು ಮಾತು. ಒಂದು ರೂಪಾಯಿಗೆ ಸುಮಾರು 300 ಡಾಂಗ್, ಹಾಗಾಗಿ ಇಲ್ಲಿ ಎಲ್ಲರೂ ಲಕ್ಷಾಧಿಪತಿಗಳು. 20,000 ಮತ್ತು 5,00,000ದ ನೋಟು ಎರಡೂ ನೀಲಿ. ನಿನ್ ಬಿನ್‌ನಲ್ಲಿ ಕತ್ತಲಾದ ಮೇಲೆ ಸೀಬೆಹಣ್ಣು ಕೊಂಡು ದೊಡ್ಡ ನೋಟನ್ನೇ ಕೊಟ್ಟು ಹೊರಟಿದ್ದೆ. ಮಾರುವಾಕೆ ಅರ್ಧ ಬೀದಿ ಓಡಿಬಂದು ಹಿಂದಿರುಗಿಸಿ, ಕಣ್ಣು ಕಾಣುವುದಿಲ್ಲವೇ ಎಂಬರ್ಥದಲ್ಲಿ ಗದರಿಸಿ ಹೋದಳು. ಅಂದಿನಿಂದ 5,00,000ದ ನೋಟುಗಳಿಗೆ ಬೇರೆಯೇ ಜೇಬು. ಪಾಸ್‌ಪೋರ್ಟಿನ ನಕಲು ಸಾಲದು, ಅಸಲನ್ನೇ ಒಯ್ಯಿರಿ. ತಂಗುವ ಪ್ರತಿ ಮನೆಯವರೂ ವಿದೇಶಿಯರ ವಿವರವನ್ನು ಪೊಲೀಸರಿಗೆ ತಿಳಿಸಬೇಕು. ಇನ್ನು 2025ರ ಜುಲೈ 1ರಿಂದ ಪ್ರಾಂತ್ಯಗಳು 63ರಿಂದ 34ಕ್ಕೆ ಇಳಿದಿವೆ. ಹಾ ಜಾಂಗ್ ಈಗ ಆಡಳಿತದ ಲೆಕ್ಕದಲ್ಲಿ ತುಯೆನ್ ಕ್ವಾಂಗ್ ಪ್ರಾಂತ್ಯಕ್ಕೆ ಸೇರಿದೆ. ವಿಳಾಸದಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ.

ಹಾ ಜಾಂಗ್‌ಗೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲ ಒಳ್ಳೆಯದು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹನೋಯಿಯಲ್ಲಿ ಜಿನುಗು ಮಳೆ, ಮನೆಯ ನೆಲವೂ ಬೆವರುತ್ತದೆ. ಆಗ ಎಲ್ಲಿಗೂ ಹೋಗುವ ಮನಸ್ಸಾಗುವುದಿಲ್ಲ. ಚಾಂದ್ರಮಾನ ಹೊಸ ವರ್ಷದ ತೆತ್ ಹಬ್ಬದ ಆಚೀಚೆಯ ವಾರ ಟಿಕೆಟ್ಟೂ ಸಿಗುವುದಿಲ್ಲ, ಊಟದಂಗಡಿಯೂ ತೆರೆದಿರುವುದಿಲ್ಲ. ಏಪ್ರಿಲ್ 30, ಮೇ 1 ಮತ್ತು ಸೆಪ್ಟೆಂಬರ್ 2ರ ರಜೆಗಳಲ್ಲಿ ಇಡೀ ಹನೋಯಿ ನಿಮ್ಮೊಂದಿಗೇ ಹೊರಟಿರುತ್ತದೆ. ಆ ವಾರ ನಾವು ಊರಲ್ಲೇ ಉಳಿದು, ಖಾಲಿಯಾದ ರಸ್ತೆಯ ಬದಿಯಲ್ಲಿ ಸ್ಟೂಲು ಹಾಕಿಕೊಂಡು ಚಾ ದಾ ಕುಡಿಯುತ್ತೇವೆ.