ಹಳೇ ಹಚ್ಚೆ ಮೇಲೆ ಹೊಸದು: ಲೇಸರ್‌ನಲ್ಲಿ ಎಷ್ಟು ತಿಳಿಯಾದರೆ ಸಾಕು?

ಜಾತ್ರೆಯಲ್ಲಿ ಮುಂಗೈ ಮೇಲೆ ಹಾಕಿಸಿಕೊಂಡ ಹೆಸರು ಹತ್ತಿಪ್ಪತ್ತು ವರ್ಷದಲ್ಲಿ ಗೆರೆ ಹರಡಿ ಹಸಿರುಗಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಮುಚ್ಚಬೇಕು ಅಂದರೆ ಪೂರ್ತಿ ಅಳಿಸಬೇಕು, ಇಲ್ಲವೇ ಮೇಲೊಂದು ದೊಡ್ಡ ಕಪ್ಪು ಚಿತ್ರ ಬರೆಸಬೇಕು ಎಂದೇ ಬಹಳ ಜನ ತಿಳಿದಿದ್ದಾರೆ. ಎರಡೂ ಬೇಕಿಲ್ಲ. ಲೇಸರ್‌ನಲ್ಲಿ ಹಳೆಯದನ್ನು ಸ್ವಲ್ಪ ತಿಳಿ ಮಾಡಿಸಿಕೊಂಡು, ಆಮೇಲೆ ಕವರ್-ಅಪ್, ಅಂದರೆ ಅದನ್ನು ಮುಚ್ಚುವ ಹೊಸ ಹಚ್ಚೆ, ಮಾಡಿಸುವುದು ಹೆಚ್ಚಿನವರಿಗೆ ಸರಿಹೋಗುವ ದಾರಿ.

ಗೋಡೆಗೆ ಬಣ್ಣ ಬಳಿದಂತೆ ಹೊಸ ಶಾಯಿ ಹಳೆಯದರ ಮೇಲೆ ಕೂರುವುದಿಲ್ಲ. ಎರಡೂ ಒಳಚರ್ಮದ ಒಂದೇ ಪದರದಲ್ಲಿ ಬೆರೆತು ಕಾಣುತ್ತವೆ. ಕಪ್ಪಿನ ಮೇಲೆ ಹಳದಿ ಹಾಕಿದರೆ ಹಳದಿ ಕಾಣದು, ಕೊಳೆಯಾದ ಕಂದು ಕಾಣುತ್ತದೆ. ಅದಕ್ಕೇ ಲೇಸರ್ ಇಲ್ಲದೆ ಮಾಡುವ ಕವರ್-ಅಪ್ ಸಾಮಾನ್ಯವಾಗಿ ಹಳೆಯದರ ಎರಡು ಮೂರು ಪಟ್ಟು ದೊಡ್ಡದೂ ಬಹಳ ಗಾಢವೂ ಆಗಿಬಿಡುತ್ತದೆ.

ಮೊದಲು ಹೋಗಬೇಕಾದ್ದು ಟ್ಯಾಟೂ ಕಲಾವಿದರ ಹತ್ತಿರ, ಲೇಸರ್ ಕ್ಲಿನಿಕ್ ಆಮೇಲೆ. ಹಳೇ ಹಚ್ಚೆಯನ್ನು ಪಾರದರ್ಶಕ ಹಾಳೆಗೆ ಟ್ರೇಸ್ ಮಾಡಿ, ಹೊಸ ಚಿತ್ರದ ಮೇಲೆ ಇಟ್ಟು ನೋಡಬೇಕು. ಹಳೇ ಗೆರೆ ಹೊಸ ಚಿತ್ರದ ಗಾಢ ಎಲೆಯ ಅಡಿ ಬಂದರೆ ಅದನ್ನು ಮುಟ್ಟುವುದೇ ಬೇಡ. ತಿಳಿ ಬಣ್ಣದ ದಳದ ಅಡಿಯೋ ಖಾಲಿ ಚರ್ಮದ ಜಾಗದಲ್ಲೋ ಬಂದರೆ ಅಲ್ಲಿ ಮಾತ್ರ ಲೇಸರ್ ಬೇಕು. ಈ ಗುರುತು ಹಾಕಿದ ಹಾಳೆಯನ್ನು ಚರ್ಮದ ಡಾಕ್ಟರಿಗೆ ಕೊಟ್ಟರೆ ಸೆಷನ್‌ಗಳೂ ಕಮ್ಮಿ, ಖರ್ಚೂ ಕಮ್ಮಿ, ಚರ್ಮಕ್ಕೆ ಪೆಟ್ಟೂ ಕಮ್ಮಿ.

ನಮ್ಮ ಮೈಬಣ್ಣಕ್ಕೆ ಹೆಚ್ಚು ಸುರಕ್ಷಿತವಾದದ್ದು 1064 ನ್ಯಾನೋಮೀಟರ್ ತರಂಗಾಂತರದ ಕ್ಯೂ-ಸ್ವಿಚ್ಡ್ (ಬೆಳಕನ್ನು ಬಹಳ ಚಿಕ್ಕ ಮಿಡಿತವಾಗಿ ಬಿಡುವ) ಎನ್‌ಡಿ ಯಾಗ್ ಲೇಸರ್, ಅಥವಾ ಅದೇ ತರಂಗಾಂತರದ, ಇನ್ನೂ ಚಿಕ್ಕ ಮಿಡಿತದ ಪಿಕೋ ಲೇಸರ್. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇದನ್ನು ಕಮ್ಮಿ ಹೀರುತ್ತದೆ, ಕಪ್ಪು ಶಾಯಿ ಚೆನ್ನಾಗಿ ಹೀರುತ್ತದೆ. ಹಳೇ ಕಪ್ಪು ಹಚ್ಚೆ ಹಸಿರಾಗಿ ಕಂಡರೂ ಒಳಗಿರುವುದು ಸಾಮಾನ್ಯವಾಗಿ ಇಂಗಾಲವೇ, ಆದ್ದರಿಂದ ಅದಕ್ಕೂ 1064 ಸಾಕು. ಕೆಂಪು ಶಾಯಿಗೆ 532 ನ್ಯಾನೋಮೀಟರ್ ಬೇಕಾಗುತ್ತದೆ. ಆದರೆ ಅದನ್ನು ಮೆಲನಿನ್ ಬಹಳ ಹೀರುವುದರಿಂದ ಕಪ್ಪು ಚರ್ಮದಲ್ಲಿ ಬಿಳಿ ಮಚ್ಚೆ ಬೀಳುವ ಅಪಾಯ ಹೆಚ್ಚು. ಬಿಳಿ, ಚರ್ಮದ ಬಣ್ಣ, ತಿಳಿ ಗುಲಾಬಿ ಶಾಯಿಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಐರನ್ ಆಕ್ಸೈಡ್ ಇದ್ದರೆ ಲೇಸರ್ ಬಿದ್ದ ಕ್ಷಣವೇ ಕಪ್ಪಾಗಬಹುದು. ಮೂಲೆಯಲ್ಲಿ ಒಂದು ಚಿಕ್ಕ ಟೆಸ್ಟ್ ಸ್ಪಾಟ್ ಮಾಡಿಸದೆ ಇಂಥವನ್ನು ಮುಟ್ಟಿಸಲೇಬೇಡಿ. ಕೂದಲು ತೆಗೆಯುವ ಲೇಸರ್, ಐಪಿಎಲ್ ಯಂತ್ರ (ಲೇಸರ್ ಅಲ್ಲದ ಜೋರು ಬೆಳಕು ಬಿಡುವುದು) ಹಚ್ಚೆಗಲ್ಲ. ಅವುಗಳ ಪಲ್ಸ್, ಅಂದರೆ ಬೆಳಕಿನ ಮಿಡಿತ, ಉದ್ದ, ಶಾಯಿ ಒಡೆಯುವ ಬದಲು ಚರ್ಮ ಸುಡುತ್ತದೆ.

ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 45ರಿಂದ 60 ನಿಮಿಷ ಬಿಟ್ಟು, ಪೂರ್ತಿ ಒರೆಸಿದ ಮೇಲೆ ಲೇಸರ್. ಕೋಣೆಯೊಳಗಿರುವ ಎಲ್ಲರ ಕಣ್ಣಿಗೂ ಆ ತರಂಗಾಂತರವನ್ನು ತಡೆಯುವ ಕನ್ನಡಕ ಇರಲೇಬೇಕು. ಬೆಳಕು ಬಿದ್ದ ಕಡೆ ಗೆರೆ ಸುಣ್ಣದಂತೆ ಬೆಳ್ಳಗಾಗುತ್ತದೆ, ಅದು ಅನಿಲದ ಗುಳ್ಳೆ, ಸುಮಾರು 20 ನಿಮಿಷದಲ್ಲಿ ಹೋಗುತ್ತದೆ. ತೆಳುವಾಗಿ ಬೆಳ್ಳಗಾದರೆ ಸಾಕು. ರಕ್ತ ಚಿಮ್ಮುತ್ತಿದ್ದರೆ ಅಥವಾ ಚರ್ಮ ಕಿತ್ತುಬರುತ್ತಿದ್ದರೆ ಶಕ್ತಿ ಜಾಸ್ತಿಯಾಗಿದೆ, ನಿಲ್ಲಿಸಿ ಎನ್ನಲು ಸಂಕೋಚ ಬೇಡ. ದೊಡ್ಡ ಸ್ಪಾಟ್ (ಬೆಳಕು ಬೀಳುವ ಚುಕ್ಕೆ), ಕಮ್ಮಿ ಶಕ್ತಿ: ಕವರ್-ಅಪ್‌ಗೆ ಇದೇ ಒಳ್ಳೆಯದು, ಯಾಕೆಂದರೆ ಗಾಯದ ಗುರುತಾದ ಚರ್ಮ ಶಾಯಿಯನ್ನು ಸಮನಾಗಿ ಹಿಡಿಯುವುದಿಲ್ಲ.

ಮನೆಯಲ್ಲಿ ಪೆಟ್ರೋಲಿಯಂ ಜೆಲ್ಲಿ, ಮೇಲೆ ಅಂಟದ ಗಾಜ್ ಬಟ್ಟೆ. ಗುಳ್ಳೆ ಎದ್ದರೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ. ವಾಸಿಯಾಗುವ ತನಕ ಈಜು ಬೇಡ, ಆಮೇಲೆ ಎಸ್‌ಪಿಎಫ್ 30ಕ್ಕೆ ಮೇಲಿನ ಸನ್‌ಸ್ಕ್ರೀನ್. ಕೀವು, ಜ್ವರ, ಹರಡುವ ಕೆಂಪು ಕಂಡರೆ ಅದೇ ದಿನ ಡಾಕ್ಟರು. ಕೀಲಾಯ್ಡ್ (ಗಾಯದ ಜಾಗದಲ್ಲಿ ಉಬ್ಬಿ ಬೆಳೆಯುವ ಗುರುತು) ಏಳುವ ಮೈಯಾಗಿದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಗರ್ಭಿಣಿಯರು ಮುಂದೂಡುವುದೇ ಸರಿ.

ಒಡೆದ ಶಾಯಿಯನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಹಾಗಾಗಿ ಸೆಷನ್‌ಗಳ ನಡುವೆ 6ರಿಂದ 8 ವಾರ ಬಿಡಬೇಕು, ಮುಂಚೆ ಮಾಡಿಸಿದರೆ ಗಾಯವೇ ಲಾಭ. ಕವರ್-ಅಪ್‌ಗಾದರೆ ಸಾಮಾನ್ಯವಾಗಿ 2ರಿಂದ 4 ಸೆಷನ್ ಸಾಕು. ಸಾಕೋ ಬೇಡವೋ ನೋಡಲು ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ, ಹೊಸ ಚಿತ್ರದ ಕಪ್ಪು-ಬಿಳುಪು ಪ್ರತಿಯ ಪಕ್ಕ ಇಡಿ. ಹಳೇ ಗೆರೆ ಅದೇ ಜಾಗದ ಹೊಸ ಬಣ್ಣಕ್ಕಿಂತ ತಿಳಿಯಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ.

ಕೊನೆಯ ಸೆಷನ್ ಆದ ಮೇಲೆ ಕನಿಷ್ಠ 8 ವಾರ, ಸಾಧ್ಯವಾದರೆ 3 ತಿಂಗಳು ಕಾಯಿರಿ. ಕಣ್ಣು ಮುಚ್ಚಿ ಬೆರಳಾಡಿಸಿ: ಉಬ್ಬು ಸಿಕ್ಕರೆ ಅದು ಸಾಮಾನ್ಯವಾಗಿ ಹಳೇ ಸೂಜಿಯ ಗುರುತು, ಲೇಸರ್‌ಗೆ ಇಳಿಯದು, ಚಿತ್ರದ ವಿನ್ಯಾಸದಲ್ಲೇ ಅದನ್ನು ಅಡಗಿಸಬೇಕು. ಚರ್ಮ ಇನ್ನೂ ಹೊಳೆಯುತ್ತಿದ್ದರೆ, ತುರಿಸುತ್ತಿದ್ದರೆ ಇನ್ನಷ್ಟು ಕಾಯಬೇಕು. ಅವಸರ ಮಾಡಿ ಹೊಸದು ಹಾಕಿಸಿ, ಆಮೇಲೆ ಹಳೆಯದು ಇಣುಕುತ್ತಿದೆ ಎಂದು ಮತ್ತೆ ಲೇಸರ್‌ಗೆ ಹೋದರೆ ಉಪಯೋಗವಿಲ್ಲ. ಹಳೇ ಶಾಯಿ, ಹೊಸ ಶಾಯಿ ಎಂಬ ಭೇದ ಆ ಬೆಳಕಿಗೆ ಗೊತ್ತಾಗುವುದಿಲ್ಲ, ಎರಡನ್ನೂ ಒಡೆಯುತ್ತದೆ.