ಅಷ್ಟೆಲ್ಲ ಓದಿ ಬೆಟ್ಟ ಹತ್ತೋಕೆ ಹೋಗ್ಬೇಕಿತ್ತಾ?

ಹೊಸಬರನ್ನು ಚಾರಣಕ್ಕೆ ಕರೆದುಕೊಂಡು ಹೋದಾಗ ರಾತ್ರಿ ಊಟದ ಹೊತ್ತಿಗೆ ನಾನು ಮಲ್ಲಿ ಮಸ್ತಾನ್ ಬಾಬು ಅವರ ವಿಷಯ ತೆಗೆಯುವುದುಂಟು. ಆಂಧ್ರದ ನೆಲ್ಲೂರು ಜಿಲ್ಲೆಯ ಗಾಂಧಿ ಜನ ಸಂಗಂ ಎಂಬ ಹಳ್ಳಿಯವರು. 2006ರಲ್ಲಿ 172 ದಿನಗಳೊಳಗೆ ಏಳು ಖಂಡಗಳ ಏಳು ಅತಿ ಎತ್ತರದ ಶಿಖರಗಳನ್ನು ಹತ್ತಿದರು. 2015ರ ಮಾರ್ಚ್‌ನಲ್ಲಿ ಆಂಡಿಸ್ ಪರ್ವತಗಳಲ್ಲಿ ತೀರಿಕೊಂಡರು, ಆಗ ಅವರಿಗೆ 40 ವರ್ಷ. ಇಷ್ಟರವರೆಗೆ ಎಲ್ಲರೂ ಕಣ್ಣರಳಿಸಿ ಕೇಳುತ್ತಾರೆ. ಜಮ್ಶೆಡ್‌ಪುರದಲ್ಲಿ ಎಂಜಿನಿಯರಿಂಗ್, ಖರಗ್‌ಪುರ ಐಐಟಿಯಲ್ಲಿ ಎಂ.ಟೆಕ್., ಕೆಲ ವರ್ಷ ಸಾಫ್ಟ್‌ವೇರ್ ಕೆಲಸ, ಆಮೇಲೆ ಕಲ್ಕತ್ತಾ ಐಐಎಂ ಅಂದ ಕೂಡಲೇ ಮುಖಚರ್ಯೆ ಬದಲಾಗುತ್ತದೆ. "ಅಷ್ಟೆಲ್ಲ ಓದಿ ಬೆಟ್ಟ ಹತ್ತೋಕೆ ಹೋಗ್ಬೇಕಿತ್ತಾ ಸಾರ್? ಮನೆಯವ್ರಿಗೆ ಏನ್ ಸಿಕ್ತು?"

ಈ ಪ್ರಶ್ನೆಗೆ ನನಗೆ ಮೊದಲು ಸಿಟ್ಟು ಬರುತ್ತಿತ್ತು. ಉದ್ಯಮಿಯ ಮಗ ಹಿಮಾಲಯಕ್ಕೆ ಹೋದರೆ ಎಂಥ ಹವ್ಯಾಸ ಅನ್ನುತ್ತೇವೆ. ಬುಡಕಟ್ಟು ಸಮುದಾಯದ ಬಡ ಮನೆಯವರೊಬ್ಬರು ಐಐಎಂ ಮುಗಿಸಿ ಅದೇ ದಾರಿ ಹಿಡಿದರೆ ಮಾತ್ರ ಲೆಕ್ಕ ಕೇಳಲು ಶುರು ಮಾಡುತ್ತೇವೆ. ಬಡವರ ಮಕ್ಕಳು ಓದಿದ ಮೇಲೆ ಸಂಬಳ ತರಬೇಕು, ಸೈಟು ಮಾಡಬೇಕು, ಅದರಾಚೆಗಿನ ಆಸೆಗೆ ಇನ್ನೊಂದು ತಲೆಮಾರು ಕಾಯಬೇಕು ಎಂಬ ಅಲಿಖಿತ ಕರಾರು ಇದು. ಆದರೆ ಕೇಳುವವರನ್ನು ಬೈದು ಪ್ರಯೋಜನವಿಲ್ಲ. ಅವರಲ್ಲಿ ಹೆಚ್ಚಿನವರು ತಾವೇ ತಮ್ಮ ಮನೆಯ ಮೊದಲ ಎಂಜಿನಿಯರ್‌ಗಳು. ಆ ಪ್ರಶ್ನೆಯೊಳಗೆ ಅವರದೇ ಮನೆ ಸಾಲ, ತಂಗಿಯ ಮದುವೆ ಎಲ್ಲ ಇರುತ್ತದೆ. ಹಾಗಾಗಿ ಈಗೀಗ ಕೂತು ಉತ್ತರ ಹೇಳುತ್ತೇನೆ.

ಓದು ದಂಡವಾಯಿತು ಅನ್ನುವವರು ಆ 172 ದಿನಗಳ ಪಟ್ಟಿಯನ್ನು ಒಮ್ಮೆ ನೋಡಬೇಕು. ಜನವರಿ 19ಕ್ಕೆ ಅಂಟಾರ್ಕ್ಟಿಕಾದ ವಿನ್ಸನ್, ಫೆಬ್ರವರಿ 17ಕ್ಕೆ ಅರ್ಜೆಂಟೀನಾದ ಅಕಾಂಕಾಗುವಾ, ಮಾರ್ಚ್ 15ಕ್ಕೆ ಕಿಲಿಮಂಜಾರೊ, ಏಪ್ರಿಲ್ 1ಕ್ಕೆ ಆಸ್ಟ್ರೇಲಿಯಾದ ಕೊಜಿಯಸ್ಕೊ, ಮೇ 21ಕ್ಕೆ ಎವರೆಸ್ಟ್, ಜೂನ್ 13ಕ್ಕೆ ರಷ್ಯಾದ ಎಲ್‌ಬ್ರಸ್, ಜುಲೈ 10ಕ್ಕೆ ಅಲಾಸ್ಕಾದ ಡೆನಾಲಿ. ನೋಡಿದರೆ ಟೂರ್ ಪ್ಯಾಕೇಜಿನ ಹಾಗಿದೆ. ಆದರೆ ಈ ಕ್ರಮವನ್ನು ಹಿಂದುಮುಂದು ಮಾಡಲು ಹೆಚ್ಚು ಜಾಗವಿಲ್ಲ. ವಿನ್ಸನ್‌ಗೆ ಹೋಗಬೇಕಾದರೆ ಚಿಲಿಯ ತುದಿಯಿಂದ ವಿಮಾನ ಹಿಡಿದು ಮಂಜುಗಡ್ಡೆಯ ಮೇಲೆ ಇಳಿಯಬೇಕು. ದಕ್ಷಿಣ ಧ್ರುವದ ಬೇಸಿಗೆ ಮುಗಿದರೆ ಆ ವಿಮಾನಗಳೇ ಇಲ್ಲ. ಅಕಾಂಕಾಗುವಾದ ಹಂಗಾಮು ಫೆಬ್ರವರಿ ಮುಗಿಯುತ್ತಿದ್ದಂತೆ ಇಳಿಯತೊಡಗುತ್ತದೆ. ಎವರೆಸ್ಟ್ ಬಹುಮಟ್ಟಿಗೆ ಮೇ ತಿಂಗಳಲ್ಲಿ ಮಾತ್ರ ಕೆಲವು ದಿನ ದಾರಿ ಬಿಡುತ್ತದೆ. ಅದೂ ಅಲ್ಲದೆ ಆ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ವಾರಗಟ್ಟಲೆ ಬೇಕು. ಆಸ್ಟ್ರೇಲಿಯಾದಿಂದ ಎವರೆಸ್ಟ್ ತುದಿಯವರೆಗೆ ಅವರಿಗೆ ಸಿಕ್ಕಿದ್ದು ಬರೀ 50 ದಿನ. ಡೆನಾಲಿಯಲ್ಲಿ ಜುಲೈ ಬಂದರೆ ಹಿಮನದಿ ಬಿರುಕು ಬಿಡುತ್ತದೆ, ವಿಮಾನ ಇಳಿಸುವುದು ಕಷ್ಟವಾಗುತ್ತದೆ, ತಿಂಗಳ ನಡುವಿಗೆ ಬೆಟ್ಟ ಹೆಚ್ಚುಕಡಿಮೆ ಖಾಲಿ. ಅವರು ಅದರ ತುದಿ ಮುಟ್ಟಿದ್ದು 10ಕ್ಕೆ! ನಡುವೆ ಎಲ್ಲಾದರೂ ಒಂದು ಬಿರುಗಾಳಿ ಎರಡು ವಾರ ಕೂರಿಸಿದ್ದರೆ, ಒಂದು ವೀಸಾ ತಡವಾಗಿದ್ದರೆ, ಪೂರ್ತಿ ಯೋಜನೆ ಮುಂದಿನ ವರ್ಷಕ್ಕೆ. ಪ್ರಾಯೋಜಕರು, ಪರವಾನಗಿ, ಸಾಮಾನು ಸಾಗಣೆ, ಏಳು ದೇಶಗಳ ಕಾಗದಪತ್ರ. ಇದನ್ನು ಮ್ಯಾನೇಜ್‌ಮೆಂಟ್ ಅನ್ನದಿದ್ದರೆ ಇನ್ನೇನು ಅನ್ನಬೇಕೋ ಗೊತ್ತಿಲ್ಲ.

ಇನ್ನೊಂದು ಸ್ವಾರಸ್ಯವಿದೆ. 2006ರ ಕ್ಯಾಲೆಂಡರ್ ತೆಗೆದು ಆ ಏಳು ತಾರೀಖುಗಳನ್ನು ನೋಡಿ: ಗುರುವಾರ, ಶುಕ್ರವಾರ, ಬುಧವಾರ, ಶನಿವಾರ, ಭಾನುವಾರ, ಮಂಗಳವಾರ, ಸೋಮವಾರ. ವಾರದ ಒಂದೊಂದು ದಿನಕ್ಕೆ ಒಂದೊಂದು ಶಿಖರ. ಬೆಟ್ಟದ ಹವಾಮಾನ ಪಂಚಾಂಗ ನೋಡುವುದಿಲ್ಲ, ಅದೃಷ್ಟದ ಪಾಲು ದೊಡ್ಡದೇ ಇರಬೇಕು. (ಕೊಜಿಯಸ್ಕೊ ಎಂಥ ಶಿಖರ ಎಂದು ಮೂಗು ಮುರಿಯುವವರಿದ್ದಾರೆ. ನಿಜ, 2,228 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ಮುನ್ನೂರು ಮೀಟರ್ ಹೆಚ್ಚು ಅಷ್ಟೆ. ಪಟ್ಟಿ ಮಾಡಿದವರನ್ನು ಕೇಳಿ.)

ಆ ವೇಗದ ದಾಖಲೆ ಮರುವರ್ಷವೇ ಹೋಯಿತು. ಐರ್ಲೆಂಡಿನ ಇಯಾನ್ ಮೆಕೀವರ್ 156 ದಿನಗಳಲ್ಲಿ ಮುಗಿಸಿದರು. ದಾಖಲೆಗಳ ಪಾಡೇ ಹಾಗೆ. ನಾನು ಮಸ್ತಾನ್ ಅವರ ಹೆಸರು ಎತ್ತುವುದು ಅದಕ್ಕಲ್ಲ.

ವಿಜಯನಗರಂ ಬಳಿಯ ಕೋರುಕೊಂಡ ಸೈನಿಕ ಶಾಲೆಯಲ್ಲಿ ಅವರು ಓದಿದ್ದು. ಅಲ್ಲಿ ಅದೇ ಶಾಲೆಯ ಹಳೆಯ ವಿದ್ಯಾರ್ಥಿ ಲೆಫ್ಟಿನೆಂಟ್ ಉದಯ ಭಾಸ್ಕರ ರಾವ್ ಅವರ ಪ್ರತಿಮೆಯಿದೆ. 1985ರಲ್ಲಿ ಭಾರತೀಯ ಸೇನೆಯ ಎವರೆಸ್ಟ್ ತಂಡದಲ್ಲಿ ಹೋಗಿ ಹಿಂದಿರುಗದ ಐವರಲ್ಲಿ ಅವರೊಬ್ಬರು. ಹಾಸ್ಟೆಲಿನ ಹುಡುಗ ಮಸ್ತಾನ್‌ಗೆ ಬೆಟ್ಟದ ಹುಚ್ಚು ಹತ್ತಿದ್ದು ಆ ಪ್ರತಿಮೆಯಿಂದ. ಸ್ವಲ್ಪ ಯೋಚಿಸಿ, ಆ ಮಗು ದಿನಾ ನೋಡುತ್ತಿದ್ದದ್ದು ಗೆದ್ದು ಬಂದವರನ್ನಲ್ಲ, ಹೋದ ಕಡೆಯೇ ಉಳಿದುಬಿಟ್ಟವರನ್ನು. ಅಪಾಯ ಏನೆಂದು ಅವರಿಗೆ ಹತ್ತನೇ ವಯಸ್ಸಿನ ಆಸುಪಾಸಿನಲ್ಲೇ ಗೊತ್ತಿತ್ತು. ಐಐಎಂ ಪದವಿ ಬಂದ ಮೇಲೆ ತಲೆ ಕೆಟ್ಟು ಹೋದವರಲ್ಲ.

"ಮನೆಯವರಿಗೆ ಏನು ಸಿಕ್ತು" ಅನ್ನುವುದಕ್ಕೆ ನಾನು ಉತ್ತರಿಸಲಾರೆ, ಅದು ಆ ಮನೆಯವರ ಮಾತು. ಊರಿನವರಿಗೆ ಏನು ಸಿಕ್ಕಿತು ಅನ್ನುವುದು ಮಾತ್ರ 2015ರ ಮಾರ್ಚ್ ಕೊನೆಯಲ್ಲಿ ಎಲ್ಲರಿಗೂ ಕಂಡಿತು. ಅರ್ಜೆಂಟೀನಾ-ಚಿಲಿ ಗಡಿಯ ತ್ರೆಸ್ ಕ್ರುಸೆಸ್ ಪರ್ವತಕ್ಕೆ ಹೊರಟವರು ಮಾರ್ಚ್ 24ರ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಸಹಪಾಠಿಗಳು, ಚಾರಣದ ಗೆಳೆಯರು ಫೇಸ್‌ಬುಕ್‌ನಲ್ಲಿ ಪುಟ ತೆರೆದರು, ಹುಡುಕಾಟಕ್ಕೆ ಹಣ ಸೇರಿಸಿದರು, ಸರಕಾರದ ಬೆನ್ನು ಬಿದ್ದರು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ಗಮನಕ್ಕೂ ವಿಷಯ ಹೋಯಿತು. ಎರಡೂ ದೇಶಗಳ ಕಡೆಯಿಂದ ಹುಡುಕಾಟ ನಡೆಯಿತು. ಅದುವರೆಗೆ ಅವರ ಹೆಸರೇ ಕೇಳದವರೂ ಸುದ್ದಿಗಾಗಿ ರಾತ್ರಿ ಎಚ್ಚರವಿದ್ದರು. ಏಪ್ರಿಲ್ ಮೊದಲ ವಾರ ದೇಹ ಸಿಕ್ಕಿತು. ತಿಂಗಳ ಕೊನೆಗೆ ಭೂಮಿಯ ಆ ಬದಿಯಿಂದ ಚೆನ್ನೈಗೆ ತಂದು, ಅಲ್ಲಿಂದ ಹುಟ್ಟೂರಿಗೆ ಒಯ್ದು ಅಂತ್ಯಕ್ರಿಯೆ ಮಾಡಿದರು. ಭೂಪಟದಲ್ಲಿ ಹುಡುಕಿದರೂ ಸುಲಭಕ್ಕೆ ಸಿಗದ ಆ ಹಳ್ಳಿಗೆ ಅಂದು ಜನ ಹರಿದು ಬಂದರು.

ಈಗ ನನಗೆ ಒಪ್ಪಿಗೆಯಿಲ್ಲದ ಮಾತು. ಅವರು ಒಬ್ಬರೇ ಹೋಗಿದ್ದರು. ತ್ರೆಸ್ ಕ್ರುಸೆಸ್‌ನ ದಕ್ಷಿಣ ಶಿಖರ 6,748 ಮೀಟರ್. ಅಲ್ಲಿ ಸಮುದ್ರ ಮಟ್ಟದ ಅರ್ಧದಷ್ಟೂ ಆಮ್ಲಜನಕ ಸಿಗುವುದಿಲ್ಲ. ಕೆಳಗೆ ಅಟಕಾಮಾ ಮರುಭೂಮಿ. ಅದೇ ಮಾರ್ಚ್ 24ರಿಂದ 26ರ ನಡುವೆ ಅಲ್ಲಿ ಯಾರೂ ಕಂಡರಿಯದಂಥ ಮಳೆ ಸುರಿದು ಕೋಪಿಯಾಪೋ ಪಟ್ಟಣವೇ ಕೆಸರಿನಲ್ಲಿ ಮುಳುಗಿತ್ತು. ಮರುಭೂಮಿಗೆ ಅಷ್ಟು ಮಳೆ ಸುರಿಸಿದ ಹವಾಮಾನ ಮೇಲಿನ ಪರ್ವತದಲ್ಲಿ ಏನು ಮಾಡಿರಬಹುದು, ಊಹಿಸಿಕೊಳ್ಳಿ. ಜೊತೆಗೊಬ್ಬರಿದ್ದಿದ್ದರೆ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಇಬ್ಬರೂ ಹೋಗಿರಬಹುದಿತ್ತು. ಆದರೂ ಇಂಥ ಕಡೆ ಒಂಟಿಯಾಗಿ ಹತ್ತುವುದನ್ನು ಎಷ್ಟೇ ನುರಿತವರು ಮಾಡಿದರೂ ನಾನು ಮೆಚ್ಚಲಾರೆ. ಅವರನ್ನು ದೇವರ ಪಟದ ಸಾಲಿಗೆ ಸೇರಿಸುವವರಿಗೆ ಈ ಮಾತು ರುಚಿಸುವುದಿಲ್ಲ. ಒಬ್ಬರ ಧೈರ್ಯವನ್ನು ಗೌರವಿಸಲು ಅವರ ಎಲ್ಲ ತೀರ್ಮಾನಕ್ಕೂ ತಲೆಯಾಡಿಸಬೇಕಿಲ್ಲವಲ್ಲ.

ಇಷ್ಟು ಹೇಳಿದ ಮೇಲೆ ಗುಂಪಿನಲ್ಲಿ ಯಾರಾದರೊಬ್ಬರು, ಸಾಮಾನ್ಯವಾಗಿ ಮೊದಲು ಆ ಪ್ರಶ್ನೆ ಕೇಳಿದವರೇ, ಮೆಲ್ಲಗೆ ಪಕ್ಕಕ್ಕೆ ಬರುತ್ತಾರೆ. "ಹಾಗಾದ್ರೆ ನಾನೂ ಕೆಲ್ಸ ಬಿಡ್ಲಾ ಸಾರ್?" ಬೇಡ ಮಾರಾಯ ಅನ್ನುತ್ತೇನೆ. ಮೊದಲು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಗೋ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗೋ ಬೇಸಿಕ್ ಕೋರ್ಸಿಗೆ ಅರ್ಜಿ ಹಾಕು. 28 ದಿನದ ಕೋರ್ಸು, ರಜೆ ಹೊಂದಿಸಿಕೊಂಡರೆ ಸಾಕು. ಕಾಯುವವರ ಸಾಲು ಉದ್ದ ಇರುತ್ತದೆ, ನಿನ್ನ ಸರದಿ ಬರುವಷ್ಟರಲ್ಲಿ ಸಾಲದ ಒಂದಷ್ಟು ಕಂತೂ ತೀರಿರುತ್ತದೆ.