ಬಣ್ಣ ಬರದ ಬಾಲ್ಕನಿ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಮೀಟಿಂಗ್ ಇತ್ತು. ಸಾಮಾನ್ಯವಾಗಿ ಹದಿನೈದು ಜನ ಬಂದರೆ ಹೆಚ್ಚು. ಅವತ್ತು ಕುರ್ಚಿ ಸಾಲದೆ ಕೆಲವರು ನಿಲ್ಲಿಸಿದ್ದ ಸ್ಕೂಟರ್ ಮೇಲೆ ಕೂತರು. ಮನೆಗೆ 4 ಲಕ್ಷ ರೂಪಾಯಿ ಕೊಡಬೇಕು ಅಂದರೆ ಯಾರು ತಾನೇ ಬರದೆ ಇರುತ್ತಾರೆ?

ಬನಶಂಕರಿಯಲ್ಲಿರುವ ನಮ್ಮ ಕಟ್ಟಡಕ್ಕೆ ಈಗ 27 ವರ್ಷ. 48 ಮನೆಗಳಿವೆ. ಈ ಮಳೆಗಾಲದಲ್ಲಿ ಮೂರನೇ ಮಹಡಿಯ ಬಾಲ್ಕನಿಯ ಅಡಿಯಿಂದ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆ ಕಳಚಿ ಬಿತ್ತು. ಕೆಳಗೆ ಮಕ್ಕಳು ಸೈಕಲ್ ಹೊಡೆಯುವ ಜಾಗ. ಮಳೆ ಬರುತ್ತಿದ್ದರಿಂದ ಯಾರೂ ಅಲ್ಲಿರಲಿಲ್ಲ, ಪುಣ್ಯ. ಆಮೇಲೆ ಕಮಿಟಿಯವರು ದೊಡ್ಡ ರಿಪೇರಿಗೆ ಕೈಹಾಕಿದರು. ಕಾಂಕ್ರೀಟ್ ರಿಪೇರಿ, ಟೆರೇಸಿಗೆ ವಾಟರ್‌ಪ್ರೂಫಿಂಗ್, ತುಕ್ಕು ಹಿಡಿದ ಜಿಐ ಪೈಪುಗಳ ಬದಲಾವಣೆ, ಹೊರಗೋಡೆಗೆ ಪೇಂಟ್. ಎಲ್ಲ ಸೇರಿ 1.92 ಕೋಟಿ.

ಮೀಟಿಂಗ್ ಶುರುವಾಗಿ ಹತ್ತು ನಿಮಿಷಕ್ಕೇ ಗಲಾಟೆ. ಎಂಟು ವರ್ಷದ ಹಿಂದೆ ಪೇಂಟ್ ಮಾಡಿಸಿದ್ದು ಏನಾಯ್ತು ಅಂತ ಒಬ್ಬರು. ಬಿಲ್ಡರ್ ಬಂದು ಕೆಡವಿ ಹೊಸದಾಗಿ ಕಟ್ಟಿಕೊಟ್ಟರೆ ಈ ದುಡ್ಡೆಲ್ಲ ದಂಡ ಅಲ್ವಾ ಅಂತ ಇನ್ನೊಬ್ಬರು. ಆರು ತಿಂಗಳು ಸಾರುವೆ ಕಟ್ಟಿ ಕಿಟಕಿ ಮುಚ್ಚಿದರೆ ಬಟ್ಟೆ ಎಲ್ಲಿ ಒಣಗಿಸೋದು ಅಂತ ಕೇಳಿದವರು ಬಾಡಿಗೆಗೆ ಇರುವವರು. ಅವರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಅದು ನನಗೆ ಬೇಜಾರಾಯಿತು. ಧೂಳು ಕುಡಿಯುವವರು ಅವರೇ ತಾನೇ?

ಆಗ ಮೊದಲ ಮಹಡಿಯ ಆಂಟಿ ಎದ್ದು ನಿಂತರು. ಎಪ್ಪತ್ತು ದಾಟಿದೆ. ಫ್ಯಾಮಿಲಿ ಪೆನ್ಷನ್ನಿನಲ್ಲಿ ಒಬ್ಬರೇ ಇದ್ದಾರೆ. ಕೈಯಲ್ಲಿ ಕೊಟೇಶನ್ ಪ್ರತಿ. ಒಂದು ಸಾಲಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು.

"ಇಲ್ಲಿ ನೋಡಿ, ಕಾಂಕ್ರೀಟ್ ರಿಪೇರಿ, ಲಂಪ್‌ಸಮ್ 58 ಲಕ್ಷ ಅಂತಿದೆ. ಎಷ್ಟು ಚದರಡಿ, ಯಾವ ಪಿಲ್ಲರ್ರು, ಯಾವ ಬಾಲ್ಕನಿ, ಒಂದೂ ಇಲ್ಲ. ನಮ್ಮನೆಯವರು ಪಿಡಬ್ಲ್ಯೂಡಿಯಲ್ಲಿದ್ದರು. ಎಂ.ಬಿ. ಬರೀದೆ ಒಂದು ಬಿಲ್ಲಿಗೂ ಸಹಿ ಹಾಕ್ತಿರಲಿಲ್ಲ."

ಎಂ.ಬಿ. ಅಂದರೆ ಮೆಷರ್‌ಮೆಂಟ್ ಬುಕ್. ಮಾಡಿದ ಕೆಲಸವನ್ನು ಟೇಪ್ ಹಿಡಿದು ಅಳೆದು ಬರೆದಿಡುವ ಪುಸ್ತಕ. ಕಮಿಟಿಯ ಒಬ್ಬರು, "ಆಂಟಿ, ಹೀಗೆ ಎಲ್ಲದಕ್ಕೂ ಅನುಮಾನ ಪಟ್ಟರೆ ಕೆಲಸ ಆಗಲ್ಲ" ಅಂದರು. ನನಗೆ ತಡೆಯಲಾಗಲಿಲ್ಲ. ಅವರು ಕೆಲಸ ಬೇಡ ಅನ್ನಲಿಲ್ಲ, ಲೆಕ್ಕ ಕೇಳಿದರು ಅಷ್ಟೇ ಅಂತ ಹೇಳಿದೆ. ಎಂಟು ವರ್ಷದ ಹಿಂದೆ ಕಮಿಟಿಯಲ್ಲಿ ನಾನೂ ಇದ್ದೆ. ಆಗ ಬಿರುಕುಗಳಿಗೆಲ್ಲ ಪುಟ್ಟಿ ತುಂಬಿ ಬಣ್ಣ ಬಳಿದು ಹೋದರು. ಒಳಗೇನಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಬಿಲ್ಲಿನಲ್ಲಿ ನನ್ನ ಸಹಿಯೂ ಇದೆ.

ಅದೃಷ್ಟಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಹುಡುಗಿ ಅವತ್ತು ಬಂದಿದ್ದಳು. "ಮೇಡಂ, ಮಾತಾಡೋ ಬದಲು ತೋರಿಸ್ತೀನಿ ಬನ್ನಿ" ಅಂದಳು. ಪಾರ್ಕಿಂಗಿನ ಪಿಲ್ಲರ್ ಒಂದಕ್ಕೆ ಸಣ್ಣ ಉಳಿಯಿಂದ ಗುಳಿ ಮಾಡಿ, ಬ್ರಷ್‌ನಿಂದ ಧೂಳು ಒರೆಸಿ, ಬಾಟಲಿಯಿಂದ ಫಿನಾಲ್ಫ್‌ಥಲೀನ್ ಅನ್ನೋ ಪರೀಕ್ಷಾ ದ್ರಾವಣ ಚಿಮುಕಿಸಿದಳು. ನೋಡ ನೋಡುತ್ತಿದ್ದಂತೆ ಆ ಗುಳಿ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣಕ್ಕೆ ತಿರುಗಿತು. ಮೂರು ಪಿಲ್ಲರ್ ನೋಡಿದೆವು. ಮೂರೂ ಹಾಗೇ.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅದೇ ಬಾಟಲಿ ಚಿಮುಕಿಸಿದಳು. ಏನೂ ಆಗಲಿಲ್ಲ. ಬೂದು ಬಣ್ಣ ಬೂದಾಗೇ ಉಳಿಯಿತು. ಒಳಗಿನ ಕಂಬಿ ಹೊರಗೆ ಕಾಣುತ್ತಿತ್ತು. ಉಗುರಿನಿಂದ ಕೆರೆದರೆ ತುಕ್ಕು ಪದರ ಪದರವಾಗಿ ಉದುರಿತು, ಹಳೇ ತಗಡಿನ ಹಾಗೆ.

ಅವಳು ಹೇಳಿದ್ದು ಇಷ್ಟು. ಆ ದ್ರಾವಣ ಕ್ಷಾರ ಇದ್ದ ಕಡೆ ಬಣ್ಣ ತಿರುಗುತ್ತದೆ, ಕ್ಷಾರ ತಗ್ಗಿದ ಕಡೆ ಇಲ್ಲ. ಕಾಂಕ್ರೀಟಿನಲ್ಲಿ ಕ್ಷಾರ ಇದ್ದರೆ ಸಾಮಾನ್ಯವಾಗಿ ಕಂಬಿಗೆ ತುಕ್ಕು ಹಿಡಿಯಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಕ್ಷಾರ ತಗ್ಗಿಸುತ್ತದೆ. ಆಮೇಲೆ ನೀರು ಸೇರಿದರೆ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ತಳ್ಳುತ್ತದೆ. ಸ್ಲ್ಯಾಬಿನಲ್ಲಿ ಕಂಬಿಯ ಮೇಲೆ ಸಾಕಷ್ಟು ದಪ್ಪ ಕಾಂಕ್ರೀಟ್ ಹೊದಿಕೆ ಇರಬೇಕು. ನಮ್ಮಲ್ಲಿ ಬೇಕಾದ್ದರ ಅರ್ಧವೂ ಇರಲಿಲ್ಲ.

ಹಾಗಾಗಿ ಹೆದರಿಕೆ ನಿಜ, ಆಂಟಿಯ ಅನುಮಾನವೂ ನಿಜ. ಬಾಲ್ಕನಿಗಳನ್ನು ಬಿಡುವ ಹಾಗೇ ಇಲ್ಲ. ಆದರೆ ಆ 58 ಲಕ್ಷದಲ್ಲಿ 36 ಪಿಲ್ಲರ್‌ಗಳೂ ಸೇರಿದ್ದವು. ಎಲ್ಲವನ್ನೂ ಪರೀಕ್ಷೆ ಮಾಡಿ, ಬೇಕಾದ್ದಕ್ಕೆ ಮಾತ್ರ ಕೈಹಾಕೋಣ ಅಂತ ಇಂಜಿನಿಯರ್ರೇ ಹೇಳಿದಳು. ಕೇಳದೇ ಇದ್ದಿದ್ದರೆ ಸುಮ್ನೆ ದುಡ್ಡು ಕೊಟ್ಟುಬಿಡುತ್ತಿದ್ದೆವು.

ಇನ್ನೊಂದು ತಪ್ಪೂ ಹೊರಬಿತ್ತು. ಎಲ್ಲರಿಗೂ ಸಮನಾಗಿ 4 ಲಕ್ಷ ಅಂತ ಹಾಕಿದ್ದರು. ನಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬರುತ್ತದೆ. ಅದರ ಪ್ರಕಾರ ಖರ್ಚು ಹಂಚಬೇಕಾದ್ದು ಡೀಡ್‌ನಲ್ಲಿ ಬರೆದಿರುವ ಅವಿಭಾಜ್ಯ ಪಾಲಿನ ಮೇಲೆ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಒಂದೊಂದು ಮನೆಗಿರುವ ಭಾಗದ ಮೇಲೆ. ನಮ್ಮಲ್ಲಿ ಅದು ಮನೆಯ ಅಳತೆಗೆ ತಕ್ಕಂತಿದೆ. ಆಂಟಿಯದು 950 ಚದರಡಿ, ನನ್ನದು 1400. ಲೆಕ್ಕ ಹಾಕಿದರೆ ಅವರಿಗೆ ಸುಮಾರು 3.23 ಲಕ್ಷ, ನನಗೆ 4.77. ನನಗೆ ಜಾಸ್ತಿಯಾಯಿತು. ಆದರೂ ಅದೇ ಸರಿ.

ಕೊನೆಗೆ ಮೊದಲ ಹಂತದಲ್ಲಿ ಬಾಲ್ಕನಿ, ಟೆರೇಸ್ ಮತ್ತು ಪೈಪು ಅಂತ ತೀರ್ಮಾನವಾಯಿತು. ಇನ್ನೂ ಎರಡು ಕೊಟೇಶನ್ ತರಿಸಬೇಕು, ಅಳತೆ ಸಮೇತ. ಎಂ.ಬಿ. ವಾಚ್‌ಮನ್ ರೂಮಿನಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಬಾಡಿಗೆಯವರ ವಿಷಯ ಮಾತ್ರ ಹಾಗೇ ಉಳಿಯಿತು. ಮುಂದಿನ ಮೀಟಿಂಗಿಗೆ ಅದನ್ನು ನಾನೇ ಬರೆದುಕೊಡುತ್ತೇನೆ.

ಅವತ್ತು ಬಾಲ್ಕನಿ ನೋಡಿ ಇಳಿದು ಬರುವಾಗ ಆಂಟಿಯ ಮನೆಗೂ ಹೋಗಿದ್ದೆವು. ಅವರ ಬಚ್ಚಲಿನ ಸೀಲಿಂಗ್ ನೋಡಿ ಇಂಜಿನಿಯರ್ ನಿಂತಳು. ದೊಡ್ಡದಾಗಿ ತೇವದ ಕಲೆ. ಅದರ ಮೇಲಿರುವುದು ನನ್ನ ಬಚ್ಚಲು. "ಏನಮ್ಮಾ, ಎರಡು ವರ್ಷದಿಂದ ಹಿಂಗೇ ಇದೆ. ನಿನಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯೇನೋ ಅಂತ ಸುಮ್ಮನಿದ್ದೆ" ಅಂದರು ಆಂಟಿ.

ಇವತ್ತು ಬೆಳಗ್ಗೆ ಬಚ್ಚಲ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಬಕೆಟ್ಟುಗಟ್ಟಲೆ ನೀರು ನಿಲ್ಲಿಸಿದ್ದೇನೆ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಒಂದು ದಿನ ಹಾಗೇ ಬಿಡಬೇಕಂತೆ. ನಾಳೆ ಕಾಫಿ ಆದ ಮೇಲೆ ಕೆಳಗೆ ಹೋಗಿ ಆಂಟಿಯ ಸೀಲಿಂಗ್ ನೋಡಬೇಕು.